ಉಯಿಲು ಬರೆಸುವವರ ಜೊತೆ ಬಂದವರು

ಪತ್ರ ಬರೆಯುವ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಯಿಲು ಬರೆಸಲು ಬಂದವರನ್ನು ಆಮೇಲೆ ನೋಡಿ, ಅವರ ಜೊತೆ ಬಂದವರನ್ನು ಮೊದಲು ನೋಡಿ. ಮುದುಕಿಯನ್ನು ಕೈಹಿಡಿದು ಆಟೋದಿಂದ ಇಳಿಸಿ, ಕುರ್ಚಿ ಎಳೆದು ಕೂರಿಸಿ, ಕಾಫಿ ಆರಿಸಿ ಕುಡಿಸುವ ಮಗನನ್ನೋ ಅಳಿಯನನ್ನೋ ಕಂಡರೆ ಬೇರೆಯವರಿಗೆ ಕಣ್ಣು ತುಂಬುತ್ತದೆ. ನನಗೆ ಮೈ ಉರಿಯುತ್ತದೆ. ಇಷ್ಟು ದಿನ ಎಲ್ಲಿದ್ದೆಯಪ್ಪಾ ಎಂದು ಕೇಳಬೇಕೆನಿಸುತ್ತದೆ. "ನಿಮ್ಮ ಹೆಸರೇನಜ್ಜಿ?" ಎಂದು ನಾನು ಕೇಳಿದಾಗ ಅಜ್ಜಿಯ ಬದಲು ಪಕ್ಕದವನು ಉತ್ತರ ಹೇಳಿದರೆ, ಅಲ್ಲಿಗೇ ಪೆನ್ನಿನ ಕ್ಯಾಪು ಮುಚ್ಚಿ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದೆ.

ನಾನು ಕೆಲಸ ಕಲಿತದ್ದು ನಂಜನಗೂಡಿನ ಉಪನೋಂದಣಿ ಕಚೇರಿಯ ಎದುರಿನ ಒಂದು ಅಂಗಡಿಯಲ್ಲಿ. ಮದುವೆಯಾದ ಮೇಲೆ ತಿ. ನರಸೀಪುರಕ್ಕೆ ಬಂದು ಅಲ್ಲೇ ಸ್ವಂತ ಮೇಜು ಹಾಕಿಕೊಂಡೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಎಲ್ಲ ಬರೆದೆ. ಈ ಕೆಲಸದಲ್ಲಿ ಹೆಂಗಸರು ಕಡಿಮೆ, ಹಾಗಾಗಿ ಜನ 'ರೈಟ್ರಮ್ಮ' ಎಂದು ಕರೆದರು. ಪತ್ರದ ಕೊನೆಯಲ್ಲಿ 'ಬಿಕ್ಕಲಂ' ಎಂದು ಹಾಕಿ ಅದನ್ನು ಬರೆದವರು ರುಜು ಮಾಡುವ ಪದ್ಧತಿಯಿದೆ. ಆ ರುಜು ಹಾಕಿದವಳನ್ನು ಕೋರ್ಟಿನವರು ಯಾವಾಗ ಬೇಕಾದರೂ ಸಾಕ್ಷಿಗೆ ಕರೆಯಬಹುದು. ಅದಕ್ಕೇ ಅನುಮಾನ ನನ್ನ ಹುಟ್ಟುಗುಣವಲ್ಲ, ಕೆಲಸದ ಹತಾರ ಎಂದು ನಾನು ವಾದಿಸುತ್ತೇನೆ. ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ತರಕಾರಿಯವಳು ಕೊಸರು ಹಾಕಿದರೂ ಯಾಕೆ ಹಾಕಿದಳು ಎಂದು ಯೋಚಿಸುತ್ತೀಯ ಎಂದು ನಮ್ಮ ಯಜಮಾನರು ನಗುತ್ತಾರೆ.

ನನಗೆ ಕೆಲಸ ಕಲಿಸಿದವರು ಪುಟ್ಟಬಸಪ್ಪನವರು. ಹಣೆತುಂಬ ವಿಭೂತಿ, ಬಾಯಿತುಂಬ ಬೈಗುಳ. ನಾನು ಬರೆದ ಮೊದಲ ಕರಡನ್ನು ನೋಡಿ, "ಲಗ್ನಪತ್ರಿಕೆ ಚೆನ್ನಾಗಿ ಬರೀತೀಯ ಕಣವ್ವ" ಎಂದಿದ್ದರು. ಮನುಷ್ಯರ ಒಳ್ಳೆಯತನದ ಬಗ್ಗೆ ಅವರಿಗೆ ಭರವಸೆಯೇ ಇರಲಿಲ್ಲ. ಉಯಿಲು ಬರೆಸುವವರು ಡಾಕ್ಟರ ಸರ್ಟಿಫಿಕೇಟು ತಂದರಂತೂ ಅವರಿಗೆ ಅನುಮಾನ ಇಮ್ಮಡಿಯಾಗುತ್ತಿತ್ತು. "ಬುದ್ಧಿ ನೆಟ್ಟಗಿರೋನ್ಗೆ ಬುದ್ಧಿ ನೆಟ್ಟಗದೆ ಅಂತ ಚೀಟಿ ಯಾಕ್ ಬೇಕು?" ಎನ್ನುವರು. ಅವರ ಪರೀಕ್ಷೆ ಬೇರೆ. ಜಮೀನಿನ ಯಜಮಾನನ ಬಾಯಲ್ಲೇ ಚಕ್ಕುಬಂದಿ ಹೇಳಿಸುವರು. ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ, ಯಾರ ಹೊಲವಿದೆ ಎಂಬ ವಿವರ. ಪತ್ರದಲ್ಲಿ ಅದನ್ನು ಬರೆಯಲೇಬೇಕು. ಆದರೆ ಅವರು ಕೇಳುತ್ತಿದ್ದದ್ದು ಬರೆಯುವುದಕ್ಕಲ್ಲ, ನೋಡುವುದಕ್ಕೆ.

ಒಂದು ಸಲ ಹುಲ್ಲಹಳ್ಳಿ ಕಡೆಯ ಒಬ್ಬ ತನ್ನ ದೊಡ್ಡಪ್ಪನನ್ನು ಕರೆತಂದ. ದೊಡ್ಡಪ್ಪನ ಕಬ್ಬಿನ ಗದ್ದೆ ಇವನ ಹೆಸರಿಗೆ ಉಯಿಲಾಗಬೇಕಿತ್ತು. ಪುಟ್ಟಬಸಪ್ಪನವರು ಚಕ್ಕುಬಂದಿ ಕೇಳಿದರು. ದೊಡ್ಡಪ್ಪ ತೊಡೆಯ ಮೇಲೆ ಕೈ ಜೋಡಿಸಿ, "ಪೂರ್ವಕ್ಕೆ ಸರ್ಕಾರಿ ನಾಲೆ, ಪಶ್ಚಿಮಕ್ಕೆ ಗಾಡಿ ದಾರಿ" ಎಂದು ಶುರುಮಾಡಿ ನಾಲ್ಕೂ ದಿಕ್ಕನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಪಹಣಿಗೂ ನಕ್ಷೆಗೂ ತಾಳೆ ನೋಡಿದೆ, ಒಂದೂ ತಪ್ಪಿರಲಿಲ್ಲ. ಪುಟ್ಟಬಸಪ್ಪನವರು ಪೆನ್ನು ಕೆಳಗಿಟ್ಟು, "ಈ ಪತ್ರ ನಾನ್ ಬರಿಯಲ್ಲ, ಎದ್ದೋಗಿ" ಎಂದರು. ಬಂದವರು ಒಂದಿಷ್ಟು ಕೂಗಾಡಿ ಹೋದರು. ಆಮೇಲೆ ತಿಳಿಯಿತು, ನಿಜವಾದ ದೊಡ್ಡಪ್ಪ ಊರಿನಲ್ಲಿ ಕೆಮ್ಮುತ್ತಾ ಮಲಗಿದ್ದ. ನಮ್ಮ ಮುಂದೆ ಕೂತಿದ್ದವನು ಪಾಠ ಹೇಳಿಕೊಟ್ಟು ಕರೆತಂದ ಬೇರೆ ಯಾರೋ.

ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಅವರು ಎದ್ದು ನಿಂತು ತೋರಿಸಿದರು. ಉತ್ತವನು ಪೂರ್ವ ಪಶ್ಚಿಮ ಎನ್ನುವುದಿಲ್ಲ, ಮೂಡ್ಲು ಪಡುವ್ಲು ಎನ್ನುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಚಕ್ಕುಬಂದಿಯನ್ನು ಕೂತಲ್ಲೇ ಕೂತು ಹೇಳಲು ಬರುವುದೇ ಇಲ್ಲ. ಮನಸ್ಸಿನಲ್ಲಿ ಬದುವಿನ ಮೇಲೆ ಹೋಗಿ ನಿಲ್ಲುತ್ತಾನೆ. ಮೂಡಲ ಕಡೆಯದು ಹೇಳುವಾಗ ಕೈ ಆ ಕಡೆಗೆ ಹೋಗುತ್ತದೆ, ಪಡುವಲದ್ದು ಹೇಳುವಾಗ ಮೈ ಈ ಕಡೆಗೆ ತಿರುಗುತ್ತದೆ. ಈಗ ಕಂಪ್ಯೂಟರು ಫೋಟೋ ಹಿಡಿಯುತ್ತದೆ, ಬೆರಳು ಒತ್ತಿಸಿಕೊಳ್ಳುತ್ತದೆ, ಬಂದವನು ಅವನೇ ಹೌದು ಎಂದು ಹೇಳಿಬಿಡುತ್ತದೆ. ಅವನನ್ನು ಯಾಕೆ ಕರೆತಂದಿದ್ದಾರೆ ಎಂದು ಹೇಳುವ ಕಂಪ್ಯೂಟರು ಇನ್ನೂ ಬಂದಿಲ್ಲ.

ಯಾವ ಪತ್ರ ಒಳ್ಳೆಯದು ಎಂದು ಕೇಳುವವರು ಬಹಳ. ದಾನಪತ್ರ ಬರೆದುಕೊಟ್ಟರೆ ಆವತ್ತೇ ಕೈಬಿಟ್ಟು ಹೋಯಿತು. ಉಯಿಲಾದರೆ ಸಾಯುವವರೆಗೆ ನಿಮ್ಮದೇ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ತಲಕಾಡಿನ ಒಬ್ಬ ಯಜಮಾನರಿಗೂ ಹೇಳಿದೆ. ಅವರಿಗೆ ಮಕ್ಕಳಿರಲಿಲ್ಲ, ತಂಗಿಯ ಮಗನಿಗೆ ಮನೆ ಜಮೀನು ಎರಡನ್ನೂ ದಾನವಾಗಿ ಕೊಡಲು ಬಂದಿದ್ದರು. ಉಯಿಲು ಬರೆಯಿರಿ ಎಂದರೆ ಕೇಳಲಿಲ್ಲ. ಹಾಗಾದರೆ ದಾನ ಪಡೆದವನು ನಿಮ್ಮನ್ನು ಕೊನೆತನಕ ನೋಡಿಕೊಳ್ಳಬೇಕು, ಇಲ್ಲದಿದ್ದರೆ ದಾನ ರದ್ದು ಎಂದು ಒಂದು ಷರತ್ತನ್ನಾದರೂ ಸೇರಿಸುತ್ತೇನೆ ಎಂದೆ. ಅಳಿಯನ ಮುಖ ಇಳಿಯಿತು.

"ಮಾವನ್ನ ನಾ ನೋಡ್ಕಳಾಕಿಲ್ವಾ? ಅದ್ನೂ ಕಾಗ್ದದ ಮ್ಯಾಲೆ ಬರಿಯಾದಾ?" ಎಂದ.

ಮಾವನಿಗೇ ನಾಚಿಕೆಯಾಯಿತು. "ಬುಡವ್ವ, ಮನೆ ಉಡ್ಗ. ಅನ್ನ ಆಕ್ತೀನಿ ಅಂತ ಬರಿಸ್ಕಂಡ್ರೆ ಊರೋರು ನಗಾಕಿಲ್ವಾ" ಎಂದು ಅವರೇ ಆ ಸಾಲನ್ನು ಹೊಡೆಸಿಹಾಕಿದರು. ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು ಇದು. ಜಮೀನು ಬರೆದುಕೊಡಲು ನಾಚಿಕೆಯಿಲ್ಲ, ಅನ್ನ ಕೇಳಲು ನಾಚಿಕೆ. ಮುಂದಿನ ವರ್ಷ ಅವರು ಒಬ್ಬರೇ ಬಸ್ಸಿನಲ್ಲಿ ಬಂದು ನನ್ನ ಮೇಜಿನ ಮುಂದೆ ಕೂತರು. ಅಳಿಯ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಸಿಗೆ ಹಾಕಿದ್ದನಂತೆ. ಹಿರಿಯ ನಾಗರಿಕರ ಕಾನೂನಿನಲ್ಲಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಬರೆದುಕೊಟ್ಟೆ. ಷರತ್ತು ಎಲ್ಲಿದೆ ಎಂದು ಅಲ್ಲಿ ಕೇಳಿದರು. ಎಲ್ಲಿಂದ ತರುವುದು? ಆ ಮನುಷ್ಯನ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಟ್ರಸ್ಟಿನ ಹುಚ್ಚು ಹತ್ತಿದವರೂ ಬರುತ್ತಿದ್ದರು. ನಂಜನಗೂಡು ಪೇಟೆಯ ಒಬ್ಬ ವರ್ತಕರು ಮಠದಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು, ತಮ್ಮ ಅಂಗಡಿ ಮನೆಯನ್ನೆಲ್ಲ ಟ್ರಸ್ಟು ಮಾಡಿ ಮೂವರು ಗಂಡುಮಕ್ಕಳನ್ನೂ ಟ್ರಸ್ಟಿಗಳನ್ನಾಗಿ ಹಾಕಬೇಕೆಂದರು. ಆ ಮೂವರು ಒಂದೇ ಬೆಂಚಿನಲ್ಲಿ ಮುಖ ಮೂರು ಕಡೆ ತಿರುಗಿಸಿ ಕೂತಿದ್ದರು. "ಸ್ವಾಮಿ, ಇವರು ಒಟ್ಟಿಗೆ ಊಟ ಮಾಡಿ ಎಷ್ಟು ದಿನವಾಯ್ತು?" ಎಂದು ಕೇಳಿದೆ. ಅವರು ವಿಭಾಗಪತ್ರ ಮಾಡಿಸಿಕೊಂಡು ಹೋದರು. ದುಡಿದು ತಿನ್ನಬಲ್ಲ ಮಕ್ಕಳಿಗೆ ಟ್ರಸ್ಟು ಬೇಕಿಲ್ಲ, ಹಂಚಿ ಕೊಟ್ಟರೆ ಸಾಕು. ತನ್ನದನ್ನು ತಾನು ಕಾಯ್ದುಕೊಳ್ಳಲಾರದ ಜೀವ ಮನೆಯಲ್ಲಿ ಒಂದಿದ್ದರೆ ಮಾತ್ರ ಆ ಯೋಚನೆ. ಅಂಥದ್ದೊಂದು ನನ್ನ ಮೇಜಿಗೂ ಬಂತು.

ಹೆಮ್ಮಿಗೆಯ ದೇವೀರಮ್ಮನನ್ನು ಅವಳ ಮಗ ನಾಗರಾಜ ಒಂದು ಬೆಳಿಗ್ಗೆ ಕರೆದುಕೊಂಡು ಬಂದ. ಒಳ್ಳೆಯ ಮಾತುಗಾರ, ಬಿಳಿ ಅಂಗಿ, ಬಂದವನೇ ನನಗೂ ಕಾಫಿ ಹೇಳಿದ. ಮುದುಕಿಯ ಹೆಸರಲ್ಲಿ ನಾಲೆ ನೀರಿನ ಒಂದು ಗದ್ದೆ ಇತ್ತು. ಮದುವೆಯಲ್ಲಿ ಅವಳ ತಂದೆ ಅರಿಸಿನ ಕುಂಕುಮಕ್ಕೆಂದು ಬರೆದುಕೊಟ್ಟದ್ದು, ಹಾಗಾಗಿ ಅವಳ ಸ್ವಂತದ್ದೇ. ಸೋದರಮಾವನನ್ನೇ ಮದುವೆಯಾಗಿ ಅದೇ ಊರಿನಲ್ಲಿ ಉಳಿದವಳು, ಆ ಗದ್ದೆಯಲ್ಲಿ ತಾನೇ ನಾಟಿ ಮಾಡಿದವಳು. ಗಂಡ ತೀರಿಹೋಗಿದ್ದ. ನಾಗರಾಜನ ಹಿಂದೆ ಹುಟ್ಟಿದವಳು ಚಿಕ್ಕತಾಯಿ. ಮೈ ಬೆಳೆದರೂ ಬುದ್ಧಿ ಐದಾರು ವರ್ಷದ ಮಗುವಿನದೇ. ಗದ್ದೆ ತನ್ನ ಹೆಸರಿಗೆ ಉಯಿಲಾಗಲಿ, ತಂಗಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂದು ನಾಗರಾಜ ಹೇಳಿದ. ತಾಯಿಯ ಹೆಸರನ್ನೂ ಅವನೇ ಹೇಳಿದ. ನಾನು ಕ್ಯಾಪು ಮುಚ್ಚಿದೆ, ಅವನನ್ನು ಎದುರಿನ ಹೋಟೆಲಿಗೆ ಕಳಿಸಿದೆ.

ದೇವೀರಮ್ಮನ ತಂದೆ ಮಾಡಿಸಿದ್ದ ಮೂಲಪತ್ರವನ್ನು ಮುಂದೆ ಹರಡಿಕೊಂಡು, ಚಕ್ಕುಬಂದಿ ಹೇಳಿ ಅವ್ವ ಎಂದೆ.

"ಮೂಡ್ಲಿಗೆ ನಾಲೆ ಕಣವ್ವ" ಎಂದಳು. ಕೈ ಹೋದದ್ದು ನನ್ನ ಬೆನ್ನ ಹಿಂದಿನ ಗೋಡೆಗೆ. ನನ್ನ ಅಂಗಡಿಯಲ್ಲಿ ಅದು ಪಡುವಣ.

"ಪಡುವ್ಲಿಗೆ ನಮ್ಮಣ್ಣನ ಗದ್ದೆ." ಈ ಸಲ ಕೈ ಬಾಗಿಲ ಕಡೆಗೆ ಹೋಯಿತು. ಬಾಗಿಲಿಂದ ಬೆಳಗಿನ ಬಿಸಿಲು ಒಳಗೆ ಬರುತ್ತಿತ್ತು.

ಮೂಲಪತ್ರದಲ್ಲಿ ನಾಲೆ ಪಡುವಲಿಗೇ ಇತ್ತು. ಅಂದರೆ ಅವಳ ಕೈ ಸರಿ, ಬಾಯಿ ತಪ್ಪು. ಅರಳುಮರಳಿನವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ತಪ್ಪಿದರೆ ಕೈಯೂ ಬಾಯಿಯೂ ಒಟ್ಟಿಗೆ ತಪ್ಪುತ್ತವೆ. ಇನ್ನೊಮ್ಮೆ ಕೇಳಿದೆ. ಮೊದಲು ಹೇಳಿದ ತಪ್ಪನ್ನೇ ಒಂದಕ್ಷರ ಬದಲಾಗದಂತೆ ಹೇಳಿದಳು. ಮರೆವಿನವರು ಎರಡನೇ ಸಲ ಬೇರೆ ತಪ್ಪು ಮಾಡುತ್ತಾರೆ.

"ಅವ್ವ, ಯಾಕೆ ಸುಳ್ಳು ಹೇಳ್ತಿದ್ದೀರಿ?" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. "ಮಾತು ಆಚ್ಗೆ ಕೇಳುಸ್ತದಾ?"

"ಕೇಳಿಸಲ್ಲ."

"ಚಕ್ಕುಬಂದಿ ತಪ್ಪಾದ್ರೆ ಪತ್ರ ನಿಲ್ಲಾಕಿಲ್ಲ ಅಂತ ನಮ್ಮಪ್ಪ ಯೋಳ್ತಿದ್ದ. ತಪ್ಪೇ ಬರ್ಕೊ ಮಗಾ. ಬರಸ್ದೆ ಅಂತ ಅವ್ನ್ಗೂ ಸಮಾಧಾನ ಆಯ್ತದೆ, ನನ್ ಗದ್ದೆನೂ ಉಳ್ಕತದೆ. ಅವ್ನು ಗದ್ದೆ ಮಾರಿ ಗೊಬ್ಬ್ರದ ಅಂಗ್ಡಿ ಮಡುಗ್ತಾನಂತೆ. ಗಿರಾಕಿನೂ ನೋಡವ್ನೆ."

ಎಷ್ಟು ದಿನದಿಂದ ಈ ಉಪಾಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಳೋ. ಅದು ನಡೆಯುವುದಿಲ್ಲ ಎಂದು ಹೇಳುವುದು ನನ್ನ ಪಾಲಿಗೆ ಬಂತು. ಅವರಪ್ಪನ ಕಾಲ ಬೇರೆ. ಈಗ ಸರ್ವೆ ನಂಬರು ಸರಿಯಿದ್ದರೆ ದಿಕ್ಕು ಅದಲುಬದಲಾದರೂ ಉಯಿಲು ನಿಲ್ಲುತ್ತದೆ ಎಂದೆ. ಅವಳ ಮುಖ ಬಿಳಿಚಿಕೊಂಡಿತು.

"ಅಂಗಾರೆ ನಾ ಸತ್ಮೇಲೆ ಚಿಕ್ಕತಾಯಿ ಎಲ್ಲಿಗೋಗ್ಬೇಕು?" ಎಂದಳು. "ಅದ್ಕೆ ಅಸಿವು ಅಂತ ಕೇಳಾಕೂ ಬರಾಕಿಲ್ಲ. ಯಾರಾದ್ರೂ ಕರ್ದು ಇಕ್ಕುದ್ರೆ ಉಣ್ತದೆ."

ನಾವಿಬ್ಬರೂ ಕೂತು ಒಂದೊಂದೇ ಪತ್ರವನ್ನು ತೂಗಿ ನೋಡಿದೆವು. ಚಿಕ್ಕತಾಯಿಯ ಹೆಸರಿಗೆ ಉಯಿಲು ಬರೆದರೆ, ನಾಳೆ ಮಗ ಬೇರೆ ಕಡೆ ಕರೆದುಕೊಂಡು ಹೋಗಿ ಇನ್ನೊಂದು ಬರೆಸಿದಾಗ ಇದು ಸತ್ತುಹೋಗುತ್ತದೆ, ಕಡೆಯದೇ ನಿಲ್ಲುವುದು. ಈಗಲೇ ಅವಳಿಗೆ ದಾನ ಕೊಟ್ಟರೆ, ತಾಯಿಗಿಂತ ಅವಳಿಂದ ಬರೆಸಿಕೊಳ್ಳುವುದು ಇನ್ನೂ ಸುಲಭ. ಗದ್ದೆಯನ್ನು ಒಬ್ಬರ ಕೈಯಲ್ಲಿಟ್ಟು ಇನ್ನೊಬ್ಬರಿಗಾಗಿ ನಡೆಸುವ ಏರ್ಪಾಡು ಬೇಕಿತ್ತು. ಅದು ಟ್ರಸ್ಟಿನ ಕೆಲಸವೇ. ಆದರೆ ಸಾಗುವಳಿ ಜಮೀನನ್ನು ಟ್ರಸ್ಟಿನ ಹೆಸರಿಗೆ ಹಾಕಲು ಆಗ ಭೂಸುಧಾರಣೆ ಕಾನೂನಿನ ತೊಡಕಿತ್ತು. ವಕೀಲರೊಬ್ಬರನ್ನು ಕೇಳಿ ವ್ಯವಸ್ಥಾಪತ್ರ ಎಂದು ಮಾಡುವುದಾಗಿ ಹೇಳಿದೆ. ದೇವೀರಮ್ಮ ಇರುವವರೆಗೆ ಗದ್ದೆ ಅವಳದು, ಆಮೇಲೆ ಚಿಕ್ಕತಾಯಿ ಇರುವವರೆಗೆ ಅವಳ ಅನ್ನಕ್ಕೆ, ಅವಳ ನಂತರ ನಾಗರಾಜನ ಮಕ್ಕಳಿಗೆ. ನಡುವೆ ಯಾರೂ ಮಾರುವ ಹಾಗಿಲ್ಲ. ಇದನ್ನು ನೋಂದಾಯಿಸಿದರೆ ಆಮೇಲೆ ದೇವೀರಮ್ಮನೂ ಬದಲಿಸಲಾರಳು, ಬದಲಿಸು ಎಂದು ಯಾರು ಅವಳನ್ನು ಬಲವಂತ ಮಾಡಿದರೂ ಪ್ರಯೋಜನವಿಲ್ಲ.

"ಚಿಕ್ಕತಾಯಿ ಪರವಾಗಿ ಗದ್ದೆ ನೋಡಿಕೊಳ್ಳೋಕೆ ಒಬ್ಬರು ಬೇಕು. ನಿಮಗೆ ಯಾರ ಮೇಲೆ ನಂಬಿಕೆ?" ಎಂದು ಕೇಳಿದೆ.

"ನಂಬ್ಕೆ ಯಾರ್ ಮ್ಯಾಲೂ ಇಲ್ಲ ಕಣವ್ವ. ಭಾಗ್ಯನ ಆಕು."

"ಭಾಗ್ಯ ಯಾರು?"

"ನನ್ ಸೊಸೆ. ಓಟ್ಲಲ್ಲಿ ಕುಂತವ್ನಲ್ಲ, ಅವ್ನೆಂಡ್ರು."

ನಾನು ಪೆನ್ನು ಕೆಳಗಿಟ್ಟೆ. ಗಂಡನ ಕೈಗೆ ಸಿಗಬಾರದ ಗದ್ದೆಯನ್ನು ಹೆಂಡತಿಯ ಕೈಗೆ ಕೊಡುವುದೆಂದರೆ ಬೆಕ್ಕಿನ ಮುಂದೆ ಹಾಲಿಟ್ಟು ಬಂದ ಹಾಗೆ ಎಂದೆ. ದೇವೀರಮ್ಮ ಅಲುಗಲಿಲ್ಲ. "ನನ್ಗೂ ಅವ್ಳ್ಗೂ ದಿನಾ ಜಗ್ಳ. ಉಪ್ಪಿಗೆ ಜಗ್ಳ, ಸೌದೆಗೆ ಜಗ್ಳ. ಆದ್ರೆ ಅವ್ಳು ಯಾರ್ ಮಾತೂ ನಂಬಾಕಿಲ್ಲ, ಗಂಡನ್ ಮಾತಂತೂ ಮೊದ್ಲೇ ಇಲ್ಲ. ಚಿಕ್ಕತಾಯಿ ತಲೆ ಬಾಚೋಳೂ ಅವ್ಳೇ, ಬೈಯ್ಯೋಳೂ ಅವ್ಳೇ. ಗದ್ದೆ ಓದ್ರೆ ಅವ್ಳ್ಗೂ ಅನ್ನ ಇಲ್ಲ" ಎಂದಳು. ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ ಎಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅವಳಿಗೂ ಅದೇ ಅನ್ನ ಎಂದದ್ದು ಸ್ವಲ್ಪ ಹಿಡಿಸಿತು.

ನಾಗರಾಜ ಬಂದಾಗ, ಚಕ್ಕುಬಂದಿ ತಾಳೆಯಾಗುತ್ತಿಲ್ಲ, ಸರ್ವೆ ನಕ್ಷೆ ತೆಗೆಸಿಕೊಂಡು ಬನ್ನಿ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ನಕ್ಷೆಗೆ ಅಲೆಯುತ್ತಿದ್ದಾಗ ಅತ್ತೆ ಸೊಸೆ ಕಣ್ಣು ತೋರಿಸುವ ನೆಪದಲ್ಲಿ ನರಸೀಪುರದ ಬಸ್ಸು ಹತ್ತಿ ಬಂದರು. ಭಾಗ್ಯ ಗಟ್ಟಿಮುಟ್ಟಾದ ಹೆಂಗಸು, ನಗುವ ಅಭ್ಯಾಸವಿಲ್ಲ. ಕರಡನ್ನು ಓದಿ ಹೇಳಿದಾಗ ನಡುವೆ ತಡೆದಳು.

"ನಾಳಿಕೆ ನಾನೇ ಮಾರ್ಬೇಕು ಅಂದ್ರೆ?"

"ನೀನೂ ಮಾರೋ ಹಾಗಿಲ್ಲಮ್ಮ."

"ಉಂ, ಬರೀರಿ. ಅದು ಯಲ್ರ್ಗೂ ಕಾಣಂಗಿರ್ಲಿ."

ಕಚೇರಿಯಲ್ಲಿ ಎಲ್ಲರೂ ಸಾಧುಗಳೇ. ಅವಳ ಮಾತಿನಿಂದ ನನ್ನ ಅನುಮಾನ ಕರಗಲಿಲ್ಲ. ಲೆಕ್ಕ ಕೇಳಲು ಇನ್ನೊಬ್ಬ ಉಸ್ತುವಾರಿ ಇರಲಿ, ನಿಮ್ಮಣ್ಣನ ಮಗನನ್ನು ಹಾಕೋಣ ಎಂದು ದೇವೀರಮ್ಮನಿಗೆ ಕಿವಿಯಲ್ಲಿ ಹೇಳಿದೆ. "ಇಬ್ರಿದ್ರೆ ಅವ್ನ್ ನೋಡ್ಲಿ ಅಂತ ಇವ್ಳು, ಇವ್ಳ್ ನೋಡ್ಲಿ ಅಂತ ಅವ್ನು. ಚಿಕ್ಕತಾಯಿ ಉಪಾಸ" ಎಂದು ತಳ್ಳಿಹಾಕಿದಳು. ಪತ್ರ ನೋಂದಣಿಯಾಯಿತು. ನಾನು ಬಿಕ್ಕಲಂ ಹಾಕಿ ರುಜು ಮಾಡಿದೆ, ಆದರೆ ಆವತ್ತು ಊಟ ಸೇರಲಿಲ್ಲ.

ಸುದ್ದಿ ತಿಳಿದ ನಾಗರಾಜ ಅಂಗಡಿಗೆ ಬಂದು, ನನ್ನ ಮನೆ ಒಡೆದಿರಿ ಎಂದು ಮೇಜು ಗುದ್ದಿದ. ಇದನ್ನು ಮುರಿಯುವ ದಾರಿ ಯಾವುದು ಎಂದು ಅವನೇ ಆಮೇಲೆ ಮೆತ್ತಗೆ ಕೇಳಿದ. ದಾರಿ ಒಂದಿತ್ತು. ಚಿಕ್ಕತಾಯಿ ತನ್ನ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಯಾರಾದರೂ ಖುಲಾಸೆ ಪತ್ರ ಬರೆಸಿಕೊಂಡರೆ, ಅದು ಕೊನೆಗೆ ಕೋರ್ಟಿನಲ್ಲಿ ಬಿದ್ದುಹೋದರೂ, ಬೀಳುವಷ್ಟರಲ್ಲಿ ಗದ್ದೆ ಯಾರ್ಯಾರದೋ ಕೈ ಸೇರಿರುತ್ತದೆ. ಅದನ್ನು ಅವನಿಗೆ ಹೇಳಲಿಲ್ಲ. ಆದರೆ ಹೇಳಿಕೊಡುವವರಿಗೆ ಬರವೇ? ಅದಾದ ಮೇಲೆ ದೇವೀರಮ್ಮ ತೀರಿಕೊಂಡಳೆಂದು ಆ ಊರಿನವರೊಬ್ಬರಿಂದ ತಿಳಿಯಿತು. ಅಷ್ಟು ಹೊತ್ತಿಗೆ ಎಲ್ಲವೂ ಆನ್‌ಲೈನ್ ಆಗಿ, ನಾನು ಮೇಜು ಎತ್ತಿಟ್ಟು ಮನೆ ಸೇರಿದ್ದೆ. ಮನೆಯಲ್ಲಿ ಕೂತರೂ ಭಾಗ್ಯ ಕಣ್ಣ ಮುಂದೆ ಬರುತ್ತಿದ್ದಳು. ಅತ್ತೆ ಹೋದಳು, ಇನ್ನು ಗಂಡ ಹೆಂಡತಿ ಒಂದಾಗಿರುತ್ತಾರೆ, ಆ ಹುಡುಗಿಯನ್ನು ಯಾವ ಮೂಲೆಗೆ ಹಾಕಿದ್ದಾರೋ ಎಂದು ಒಳಗೊಳಗೇ ಕೊರೆಯುತ್ತಿತ್ತು. ಮೊನ್ನೆ ಸುಗ್ಗಿಯಾದ ಮೇಲೆ ಯಾರಿಗೂ ಹೇಳದೆ ಹೆಮ್ಮಿಗೆಗೆ ಹೋದೆ. ಹೇಳಿ ಹೋದರೆ ತಲೆ ಬಾಚಿ ಕೂರಿಸಿರುತ್ತಾರೆ ಎಂಬ ಗುಮಾನಿ.

ಭಾಗ್ಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಒಳಗೆ ಕರೆಯಲಿಲ್ಲ.

"ಯಾರ್ ಬೇಕಾಗಿತ್ತು?"

"ಚಿಕ್ಕತಾಯಿನ ನೋಡ್ಕೊಂಡು ಹೋಗೋಣ ಅಂತ."

"ಯಾತುಕ್ಕೆ?"

"ಸುಮ್ಮನೆ."

"ಸುಮ್ಕೆ ಯಾರೂ ಬರಾಕಿಲ್ಲ. ಎಲ್ಲಿ, ಬ್ಯಾಗ್ ತಗೀರಿ."

ಬ್ಯಾಗು ತೆರೆದು ಕೊಟ್ಟೆ. ಜಗಲಿಯ ಮೇಲೆ ಒಂದೊಂದೇ ತೆಗೆದಿಟ್ಟಳು. ಕನ್ನಡಕ, ಎಲೆಅಡಿಕೆ, ಬಸ್ಸಿನ ಚೀಟಿ. ಕುಂಕುಮದ ಪುಟ್ಟ ಡಬ್ಬಿಯನ್ನು ಬಿಚ್ಚಿ ಬೆರಳಿಂದ ಉಜ್ಜಿ ನೋಡಿದಳು. ಪೆನ್ಷನ್ ಕೊಡಿಸುತ್ತೇವೆ ಎಂದು ಹೇಳಿಕೊಂಡು ಇಬ್ಬರು ಚಿಕ್ಕತಾಯಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಇಂಕ್ ಪ್ಯಾಡು ತಂದಿದ್ದರಂತೆ. ಕಳಿಸಿದವರು ಯಾರು ಎಂದು ನಾನು ಕೇಳಲಿಲ್ಲ. "ಇವ್ರು ಒಂದ್ ವರ್ಸ ನನ್ ತಾವ ಮಾತ್ ಬುಟ್ಟಿದ್ರು. ಊಟ ಬುಟ್ಟಿರ್ನಿಲ್ಲ" ಎಂದು ಗಂಡನ ಬಗ್ಗೆ ಅವಳೇ ಹೇಳಿದಳು.

"ಭಾಗ್ಯ, ನನ್ನ ಗುರುತು ಸಿಗಲಿಲ್ವೇನಮ್ಮ? ಆ ಪತ್ರ ಬರೆದವಳು ನಾನೇ" ಎಂದೆ.

"ಬೀದೀಲ್ ಬತ್ತಿದ್ದಾಗ್ಲೇ ಸಿಕ್ತು. ಬರ್ದೋರ್ಗೆ ಮುರಿಯಾದೂ ಗೊತ್ತಿರ್ತದಲ್ಲ. ಅದ್ಕೇ ನೋಡ್ದೆ" ಎಂದಳು.

ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಜೀವಮಾನದಲ್ಲಿ ಯಾರನ್ನೂ ಹೊಗಳದ ನನಗೆ ಅವಳ ಬೆನ್ನು ತಟ್ಟಬೇಕೆನಿಸಿತು, ತಟ್ಟಿದರೆ ಅದಕ್ಕೂ ಅನುಮಾನ ಪಡುತ್ತಾಳೆ ಎಂದು ಸುಮ್ಮನಾದೆ. ಅವಳು ಒಳಗೆ ತಿರುಗಿ ಚಿಕ್ಕತಾಯಿಯನ್ನು ಕರೆದಳು.

ಚಿಕ್ಕತಾಯಿ ಹಿತ್ತಲಿಂದ ಬಂದಳು. ಮೈ ತುಂಬಿಕೊಂಡಿತ್ತು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ನನ್ನನ್ನು ನೋಡಿದ ತಕ್ಷಣ ಎರಡೂ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಮುಷ್ಟಿ ಬಿಗಿದುಕೊಂಡಳು. ಹೊರಗಿನವರು ಬಂದರೆ ಹಾಗೆ ಮಾಡಬೇಕೆಂದು ಭಾಗ್ಯ ಕಲಿಸಿದ್ದಾಳೆ. "ರೈಟ್ರಮ್ಮ ಬಂದವ್ರೆ, ಕೈ ಮುಗಿ" ಎಂದು ಭಾಗ್ಯ ಹೇಳಿದಾಗ ಚಿಕ್ಕತಾಯಿ ನಕ್ಕು, ಬಿಗಿದ ಆ ಎರಡು ಮುಷ್ಟಿಗಳನ್ನೇ ಒಂದಕ್ಕೊಂದು ಜೋಡಿಸಿ ನನಗೆ ಕೈ ಮುಗಿದಳು.